ಲಿಬ್ರೆಆಫೀಸ್ ರೈಟರ್ ಹೆಡಿಂಗ್ ನಂಬರಿಂಗ್: ಥೀಸಿಸ್ ಬರೆಯೋರು ಕಲೀಲೇಬೇಕು

120 ಪುಟದ ಥೀಸಿಸ್, ಎರಡನೇ ಅಧ್ಯಾಯದ ಮಧ್ಯೆ ಒಂದ್ ಭಾಗ ಸೇರಿಸ್ಬೇಕಾಯ್ತು, ಮುಂಚೆ ಆಗಿದ್ರೆ 2.3ನ 2.4 ಮಾಡು 2.4ನ 2.5 ಮಾಡು ಅಂತ ರಾತ್ರಿಯೆಲ್ಲಾ ಕೂತಿರ್ಬೇಕಿತ್ತು. ಲಿಬ್ರೆಆಫೀಸ್ ರೈಟರ್ ಅನ್ನೋ ಈ ಬರವಣಿಗೆ ಸಾಫ್ಟ್‌ವೇರ್‌ಲಿ ಹೆಡಿಂಗ್ ಟೈಪ್ ಮಾಡಿ ಕಂಟ್ರೋಲ್ 2 (ಎರಡನೇ ಲೆವೆಲ್ ಹೆಡಿಂಗ್) ಒತ್ತಿದೆ ಅಷ್ಟೇ, ಕೆಳಗಿನ ನಂಬರೆಲ್ಲಾ ತಾನಾಗೇ ಸರಿಹೋಯ್ತು, ಎಷ್ಟ್ ನೆಮ್ಮದಿ ಗೊತ್ತಾ! ಸೆಟ್ ಮಾಡೋದು ಟೂಲ್ಸ್ ಮೆನುನಲ್ಲಿ ಹೆಡಿಂಗ್ ನಂಬರಿಂಗ್ (ಹಳೇ ವರ್ಷನ್‌ಲಿ ಚಾಪ್ಟರ್ ನಂಬರಿಂಗ್ ಅಂತಿರತ್ತೆ), ಒಟ್ಟು 10 ಲೆವೆಲ್ (ಅಧ್ಯಾಯ ಲೆವೆಲ್ 1, ಅದ್ರೊಳಗಿನ ಭಾಗ ಲೆವೆಲ್ 2, ಹೀಗೆ). ಒಂದ್ ವಿಷ್ಯ ಮಾತ್ರ ಮರೀಬೇಡಿ, ಲೆವೆಲ್ 2ಕ್ಕೆ ಶೋ ಸಬ್‌ಲೆವೆಲ್ಸ್ ಅನ್ನೋದನ್ನ 2 ಮಾಡ್ಬೇಕು, ಇಲ್ದಿದ್ರೆ 2.1 ಬರೋ ಕಡೆ ಬರೀ 1 ಅಂತ ಬರತ್ತೆ. ಎಫ್5 ಒತ್ತಿ, ಹೆಡಿಂಗ್‌ಗಳ ಪಟ್ಟಿ ತೋರಿಸೋ ನ್ಯಾವಿಗೇಟರ್‌ಲಿ ಇಡೀ ಅಧ್ಯಾಯಾನೇ ಮೇಲೆ ಕೆಳಗೆ ಸರಿಸಿದ್ರೂ ನಂಬರ್ ಜೊತೆಗೇ ಬದಲಾಗತ್ತೆ. ಒಂದ್ ಪೈಸೆ ಖರ್ಚಿಲ್ಲ.