ಮನೆಗೆ ಹೋಮ್ ನರ್ಸ್ ಕರೆಸುವ ಮುಂಚೆ ಇದನ್ನೊಮ್ಮೆ ಓದಿ

ರಾತ್ರಿ 10.40. ಅಪ್ಪನ ಬನಿಯನ್ ಪೂರ್ತಿ ಒದ್ದೆಯಾಗಿತ್ತು. ಮೈ ಮುಟ್ಟಿದರೆ ತಣ್ಣಗೆ. "ಬಸ್ಸು ಹೊರಟೋಯ್ತು, ಬಸ್ಸು ಹೊರಟೋಯ್ತು" ಅಂತ ಏನೇನೋ ಗೊಣಗುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಶುಗರ್ 41. 70ಕ್ಕಿಂತ ಕೆಳಗಿಳಿದರೇ ಕಮ್ಮಿ ಅಂತ ಲೆಕ್ಕ. ಅಮ್ಮ ಸಕ್ಕರೆ ನೀರು ಕಲಸಿ ಓಡಿ ಬಂದರು. ಅಪ್ಪನಿಗೆ ನುಂಗುವಷ್ಟು ಎಚ್ಚರ ಇರಲಿಲ್ಲ, ಅಂಥ ಹೊತ್ತಲ್ಲಿ ಬಾಯಿಗೆ ಹಾಕಿದರೆ ಉಸಿರಿನ ಕೊಳವೆಗೆ ಹೋಗುತ್ತದೆ. ಲೋಟ ಕಿತ್ತಿಟ್ಟು 108ಕ್ಕೆ ಫೋನ್ ಮಾಡಿದೆ.

ಪಕ್ಕದಲ್ಲಿ ಬಿಳಿ ಕೋಟು ಹಾಕಿಕೊಂಡು ನಮ್ಮ "ನರ್ಸ್" ನಿಂತಿದ್ದಳು. ನನಗಿಂತ ಜಾಸ್ತಿ ನಡುಗುತ್ತಿದ್ದಳು.

ಅಪ್ಪ ಈಗ ಚೆನ್ನಾಗಿದ್ದಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏಜೆನ್ಸಿಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ಇದೇ ಥರ ನಡೆಸುವವರು ಬೇರೆಯವರೂ ಇದ್ದಾರೆ ಅಂತ ಆಮೇಲೆ ನಾಲ್ಕು ಮನೆಯವರ ಹತ್ತಿರ ಮಾತಾಡಿದಾಗ ಗೊತ್ತಾಯಿತು.

ಅಪ್ಪನಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋಗಿತ್ತು. ಜೊತೆಗೆ ಹಳೇ ಶುಗರ್. ನಾನು ಕೆಲಸಕ್ಕೆ ಹೋಗಬೇಕು, ಅಮ್ಮನಿಗೆ ಮಂಡಿನೋವು. ಏಜೆನ್ಸಿಗೆ ಫೋನ್ ಮಾಡಿ ಇನ್ಸುಲಿನ್ ಕೊಡಬೇಕು ಅಂತ ಸ್ಪಷ್ಟವಾಗಿಯೇ ಹೇಳಿದೆ. "ಮೇಡಂ, ನಮ್ಮವರೆಲ್ಲ ಟ್ರೈನ್ಡ್ ನರ್ಸುಗಳೇ" ಅಂದರು. ಒಂದು ತಿಂಗಳ ಅಡ್ವಾನ್ಸ್ ಕಟ್ಟಿಸಿಕೊಂಡರು. ಮಾರನೇ ದಿನ ಹುಡುಗಿ ಬಂದಳು. ಉತ್ತರ ಕರ್ನಾಟಕದ ಕಡೆಯವಳು, ಇಪ್ಪತ್ತು ದಾಟಿರಲಿಲ್ಲವೇನೋ. ಅಪ್ಪನಿಗೆ ಸ್ನಾನ ಮಾಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು, ಗಂಜಿ ಕುಡಿಸುವುದು, ಎಲ್ಲ ಎಷ್ಟು ಚೆನ್ನಾಗಿ ಮಾಡುತ್ತಿದ್ದಳು ಅಂದರೆ, ನಾವು ಅವಳು ಏನು ಓದಿದ್ದಾಳೆ ಅಂತ ಕೇಳಲೇ ಇಲ್ಲ. ಅಮ್ಮನಂತೂ ಮೊದಲ ದಿನದಿಂದಲೇ "ಸಿಸ್ಟರ್" ಅಂದರು. ನಮ್ಮಲ್ಲಿ ಬಿಳಿ ಬಟ್ಟೆ ಕಂಡರೆ ಸಾಕು, ಸಿಸ್ಟರ್ ಆಗಿಬಿಡುತ್ತಾರೆ ಅಲ್ವಾ?

ಆ ದಿನ ಮಧ್ಯಾಹ್ನ ನನಗೆ ಅವಳ ಫೋನ್ ಬಂತು. "ಅಕ್ಕಾರ, ಪೆನ್ನಿನ ಸೂಜಿ ಖಾಲಿ ಆಗ್ಯಾವ್ರಿ. ಏನ್ ಮಾಡ್ಲಿ?" ಅಪ್ಪನಿಗೆ ಇನ್ಸುಲಿನ್ ಕೊಡುತ್ತಿದ್ದುದು ಪೆನ್ನಿನಂಥ ಸಾಧನದಿಂದ, ಅದರ ಸೂಜಿ ಬೇರೆ ತರಬೇಕು. ನಾನು ಮೀಟಿಂಗ್‌ನಲ್ಲಿದ್ದೆ. "ಮನೇಲೇ ಏನಾದ್ರೂ ಇರತ್ತೆ, ನೋಡಮ್ಮ" ಅಂದು ಇಟ್ಟುಬಿಟ್ಟೆ. ಸಂಜೆ ಬರುವಾಗ ತರೋಣ ಅಂದುಕೊಂಡೆ, ಮರೆತೆ. ಈ ಒಂದು ಮಾತು ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು.

ಡ್ರಾಯರ್‌ನಲ್ಲಿ ಅಪ್ಪನ ಹಳೇ ಸಿರಿಂಜ್‌ಗಳಿದ್ದವು, ಪೆನ್ನಿಗೆ ಮುಂಚೆ ಬಾಟಲಿಯಿಂದ ಇನ್ಸುಲಿನ್ ಎಳೆದು ಕೊಡುತ್ತಿದ್ದಾಗಿನವು. ಕೆಂಪು ಕ್ಯಾಪಿನವು. ರಾತ್ರಿ 8ಕ್ಕೆ ಅವಳು ಅದರ ಸೂಜಿಯನ್ನು ಪೆನ್ನಿನೊಳಗೆ ಇನ್ಸುಲಿನ್ ತುಂಬಿರುವ ಕೊಳವೆಗೆ (ಕಾರ್ಟ್ರಿಜ್) ಚುಚ್ಚಿ, 12ರ ಗೆರೆಯವರೆಗೆ ಎಳೆದು ಕೊಟ್ಟಿದ್ದಾಳೆ. ಚೀಟಿಯಲ್ಲಿ 12 ಯೂನಿಟ್ ಅಂತಲೇ ಇತ್ತು. ಅವಳ ಲೆಕ್ಕದಲ್ಲಿ ತಪ್ಪೇ ಇಲ್ಲ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದ ನರ್ಸ್ ಅಪ್ಪನಿಗೆ ಗ್ಲೂಕೋಸ್ ಏರಿಸಿದ ಮೇಲೆ ಕೇಳಿದ ಮೊದಲ ಪ್ರಶ್ನೆ: "ಇನ್ಸುಲಿನ್ ಯಾರು ಕೊಟ್ರು, ಯಾವುದರಿಂದ ಕೊಟ್ರು?" ತಮ್ಮನನ್ನು ಮನೆಗೆ ಕಳಿಸಿ ಪೆನ್ನು, ಸಿರಿಂಜ್ ಎರಡನ್ನೂ ತರಿಸಿದರು. ಟ್ರೇ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದರು. ಕೆಂಪು ಕ್ಯಾಪಿನ ಸಿರಿಂಜ್ ಮೇಲೆ 40 ಅಂತ ಸಣ್ಣಗೆ ಬರೆದಿತ್ತು. ಪೆನ್ನಿನ ಮೇಲೆ 100. ಅಂದರೆ ಹಳೇ ಬಾಟಲಿಯ ಇನ್ಸುಲಿನ್‌ನಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಆ ಸಿರಿಂಜಿನ ಗೆರೆಗಳೆಲ್ಲ ಅದಕ್ಕೇ ಹಾಕಿದ್ದು. ಪೆನ್ನಿನಲ್ಲಿರುವುದು ಎಂಎಲ್‌ಗೆ 100 ಯೂನಿಟ್. ಅದನ್ನು ಇದರಲ್ಲಿ ಎಳೆದರೆ ಎರಡೂವರೆ ಪಟ್ಟು. 12ರ ಬದಲು ಅಪ್ಪನ ಮೈಗೆ ಹೋಗಿದ್ದು 30 ಯೂನಿಟ್. ಊಟಕ್ಕೆ ಅವತ್ತು ನಾಲ್ಕು ಚಮಚ ರಾಗಿ ಗಂಜಿ, ಅಷ್ಟೇ.

"ಯಾವ ಸಿರಿಂಜ್‌ನಲ್ಲೂ ಕಾರ್ಟ್ರಿಜ್‌ನಿಂದ ಎಳೀಬಾರದು. ಹಳೇದನ್ನ ಇವತ್ತೇ ಬಿಸಾಡಿ" ಅಂದರು. ನಿಮ್ಮ ಮನೆಯಲ್ಲೂ ಬಾಟಲಿಯಿಂದ ಪೆನ್ನಿಗೆ ಬದಲಾಯಿಸಿದ್ದರೆ ಈಗಲೇ ಎದ್ದು ಹೋಗಿ ಡ್ರಾಯರ್ ನೋಡಿ. ಮಿಕ್ಕಿದ್ದನ್ನು ಆಮೇಲೆ ಓದಬಹುದು.

ಇನ್ನೊಂದು ವಿಷಯ ಗೊತ್ತಾಗಿದ್ದು ಮಾರನೇ ದಿನ. ಅವಳು ಬರೆಯುತ್ತಿದ್ದ ಚಾರ್ಟ್ ತೆಗೆದು ನೋಡಿದೆ. ದಿನಾ ನಾಲ್ಕು ಸಲ ಶುಗರ್, ಬಿ.ಪಿ., ಟೆಂಪರೇಚರ್, ಒಂದು ಮನೆಯೂ ಖಾಲಿ ಇಲ್ಲ. ಅವತ್ತಿನ ರಾತ್ರಿ 8ರ ಎದುರು ಶುಗರ್ 142 ಅಂತ ದುಂಡಗೆ ಬರೆದಿತ್ತು. ಸುಮ್ನೆ ಒಂದು ಅನುಮಾನಕ್ಕೆ ಗ್ಲೂಕೋಮೀಟರ್‌ನ ಮೆಮೊರಿ ಒತ್ತಿದೆ. ನಾನು ನೋಡಿದ 41ರ ಹಿಂದೆ ಇದ್ದದ್ದು ಬೆಳಿಗ್ಗೆ 7.10ರ ರೀಡಿಂಗ್. ನಡುವೆ ಏನೂ ಇಲ್ಲ. ಹಿಂದಿನ ದಿನಗಳದ್ದೂ ಹಾಗೇ, ದಿನಕ್ಕೊಂದೇ ಸಲ ನೋಡಿದ್ದಾಳೆ, ಮಿಕ್ಕ ಮೂರು ಬರೆದಿದ್ದಾಳೆ.

ಕೇಳಿದಾಗ ಅತ್ತಳು. ಚಾರ್ಟ್ ಖಾಲಿ ಇದ್ದರೆ ಪಾರ್ಟಿ ಬೈತಾರೆ, ತುಂಬಿಸಿಡು ಅಂತ ಏಜೆನ್ಸಿಯಲ್ಲಿ ಹೇಳಿಕೊಟ್ಟಿದ್ದರಂತೆ. ಅವಳು ಪಿಯುಸಿ ಫೇಲು. ಟ್ರೈನಿಂಗ್ ಅಂತ ಆಗಿದ್ದು ಮೂರು ದಿನ. ಇಂಜೆಕ್ಷನ್ ಕಲಿತದ್ದು ಹಿಂದಿನ ಮನೆಯಲ್ಲಿ, ಅಲ್ಲಿದ್ದ ಇನ್ನೊಬ್ಬಳನ್ನು ನೋಡಿ. ಬಿಳಿ ಕೋಟಿನ ದುಡ್ಡನ್ನೂ ಅವಳ ಸಂಬಳದಲ್ಲೇ ಹಿಡಿದಿದ್ದರು. ನಾವು ಕಟ್ಟುತ್ತಿದ್ದುದರಲ್ಲಿ ಅವಳ ಕೈಗೆ ಹೋಗುತ್ತಿದ್ದುದು ಅರ್ಧಕ್ಕಿಂತ ಕಮ್ಮಿ.

ಇದೇ ಹೊತ್ತಲ್ಲಿ ಆಸ್ಪತ್ರೆಯಲ್ಲಿ ಕಂಡ ಒಂದು ಸಣ್ಣ ವಿಷಯ ಹೇಳಲೇಬೇಕು. ಅಪ್ಪನ ಶುಗರ್ ಅನ್ನು ಅರ್ಧ ಗಂಟೆಗೊಮ್ಮೆ ನೋಡಬೇಕಿತ್ತು. ಪಕ್ಕದ ಬೆಡ್‌ನಲ್ಲಿ ಗಲಾಟೆಯಾಗಿ ಒಂದು ಸಲ ತಡವಾಯಿತು. ನಾವ್ಯಾರೂ ಗಮನಿಸಿರಲಿಲ್ಲ. ಅದೇ ನರ್ಸ್ ಬಂದು, "ಹತ್ತು ನಿಮಿಷ ಲೇಟಾಯ್ತು. ಡಾಕ್ಟರ್‌ಗೆ ಹೇಳಿದ್ದೀನಿ, ಹಾಗೇ ಬರೆದಿದ್ದೀನಿ" ಅಂದರು. ಬರೆಯದೇ ಇದ್ದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನರ್ಸ್ ಅನ್ನಿಸಿಕೊಳ್ಳಲು ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ ಕೋರ್ಸ್) ಆದರೆ 2 ವರ್ಷ, ಜಿಎನ್‌ಎಂ (ನರ್ಸಿಂಗ್-ಸೂಲಗಿತ್ತಿ ಡಿಪ್ಲೊಮಾ) ಆದರೆ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ ಆದರೆ 4 ವರ್ಷ ಓದಬೇಕು. ಆಮೇಲೆ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಹಾಗೆ ನೋಂದಾಯಿಸಿದವರಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ನಡತೆಯ ನಿಯಮಗಳಿವೆ. ತನ್ನ ವೃತ್ತಿಯ ಮಿತಿಯೊಳಗೇ ಕೆಲಸ ಮಾಡಬೇಕು, ತನ್ನ ತೀರ್ಮಾನಕ್ಕೂ ಕೆಲಸಕ್ಕೂ ತಾನೇ ಉತ್ತರ ಕೊಡಬೇಕು ಅಂತ ಅದರಲ್ಲಿದೆ. ಆರೈಕೆ ಸಹಾಯಕರು ಬೇರೆ. ಅವರಿಗೂ ಕೆಲವು ತಿಂಗಳ ಕೋರ್ಸ್‌ಗಳಿವೆ, ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತಾರೆ. ಸ್ನಾನ, ಊಟ, ಮಗ್ಗುಲು, ಬೆಡ್‌ಪ್ಯಾನ್ ಅವರ ಕೆಲಸ. ಇಂಜೆಕ್ಷನ್ ಅವರದ್ದಲ್ಲ. ನಮ್ಮ ಹುಡುಗಿಗೆ ಅದೂ ಆಗಿರಲಿಲ್ಲ.

ಹಾಗಾಗಿ ನಾನು ಕೌನ್ಸಿಲ್‌ಗೆ ದೂರು ಕೊಡೋಣ ಅಂತ ಕೂತರೆ, ಯಾರ ಮೇಲೆ ಕೊಡಲಿ? ಪಟ್ಟಿಯಲ್ಲೇ ಇಲ್ಲದ ಹೆಸರನ್ನು ಪಟ್ಟಿಯಿಂದ ತೆಗೆಯಲು ಆಗುತ್ತದಾ?

ಏಜೆನ್ಸಿಗೆ ಹೋದೆ. ಅಲ್ಲಿದ್ದವರು ನನ್ನದೇ ಬಿಲ್ ತಿರುಗಿಸಿ ತೋರಿಸಿದರು. ಅದರಲ್ಲಿ "ಪೇಷೆಂಟ್ ಅಟೆಂಡೆಂಟ್" ಅಂತಿತ್ತು. "ನಾವು ನರ್ಸ್ ಅಂತ ಎಲ್ಲೂ ಬರೆದುಕೊಟ್ಟಿಲ್ಲ ಮೇಡಂ. ಇಂಜೆಕ್ಷನ್ ಕೊಡಿ ಅಂದವರು ನೀವು." ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ಅಡ್ವಾನ್ಸ್ ವಾಪಸ್ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ, ಇನ್ನೂ ನಡೆಯುತ್ತಿದೆ.

ನೀವು ಕರೆಸುವುದಾದರೆ, ನರ್ಸ್ ಬೇಕಾ, ಸಹಾಯಕರು ಸಾಕಾ ಅಂತ ಮೊದಲು ಡಾಕ್ಟರ್ ಹತ್ತಿರ ಕೇಳಿ. ಇಂಜೆಕ್ಷನ್, ಮೂಗಿನ ಟ್ಯೂಬು, ಕ್ಯಾತಿಟರ್ (ಮೂತ್ರದ ನಳಿಕೆ), ಗಾಯದ ಡ್ರೆಸ್ಸಿಂಗ್ ಇದ್ದರೆ ನರ್ಸೇ ಬೇಕು. ಬಂದವರ ನೋಂದಣಿ ಪತ್ರ ಕೈಯಲ್ಲಿ ಹಿಡಿದು ನೋಡಿ, ನಂಬರ್ ಬರೆದುಕೊಂಡು ಕೌನ್ಸಿಲ್‌ನಲ್ಲಿ ವಿಚಾರಿಸಿ. ಸಂಕೋಚ ಬೇಡ, ನಿಜವಾದ ನರ್ಸ್‌ಗೆ ಇದರಿಂದ ಬೇಜಾರಾಗುವುದಿಲ್ಲ. ಬಿಲ್‌ನಲ್ಲಿ ಏನು ಬರೆದಿದ್ದಾರೆ ಅಂತ ದುಡ್ಡು ಕಟ್ಟುವ ಮುಂಚೆ ಓದಿ. ಅವರು ರಜೆ ಹಾಕಿದ ದಿನ ಯಾರು ಬರುತ್ತಾರೆ ಅಂತಲೂ ಆಗಲೇ ಕೇಳಿ, ಬದಲಿಗೆ ಬರುವವರು ಇನ್ನೂ ಹೊಸಬರಾಗಿರಬಹುದು. ವಾರಕ್ಕೊಮ್ಮೆ ಗ್ಲೂಕೋಮೀಟರ್ ಮೆಮೊರಿಯನ್ನೂ ಚಾರ್ಟನ್ನೂ ತಾಳೆ ನೋಡಿ.

ಹೋದ ವಾರ ಆ ಹುಡುಗಿಯ ಫೋನ್ ಬಂತು. "ಅಕ್ಕಾರ, ಅಜ್ಜಾರು ಹೆಂಗ ಅದಾರ್ರಿ?" ಅಂದಳು. ಚೆನ್ನಾಗಿದ್ದಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಜೆನ್ಸಿಯವ್ರು ಬ್ಯಾರೆ ಮನಿಗೆ ಕಳಿಸ್ಯಾರ್ರಿ. ಇಲ್ಲೂ ಇನ್ಸುಲಿನ್ ಐತ್ರಿ. ಸಿರಿಂಜಿಂದು ಕ್ಯಾಪ್ ಕೇಸರಿ ಐತಿ, ನಡೀತೈತೇನ್ರಿ?" ಅಂದಳು. ಮುಟ್ಟಬೇಡಮ್ಮ, ಮನೆಯವರಿಗೆ ಫೋನ್ ಕೊಡು ಅಂದೆ. ಅವರು ಸಂಜೆ 7ಕ್ಕೆ ಬರುವುದಂತೆ, ಡೋಸ್ 7.30ಕ್ಕಂತೆ. ನಂಬರ್ ಇಸಿದುಕೊಂಡು 7ಕ್ಕೆ ನಾನೇ ಮಾಡಿದೆ. ಮೊದಲು ಅವರು ನಾನು ಯಾವುದೋ ಬೇರೆ ಏಜೆನ್ಸಿಯವಳು ಅಂದುಕೊಂಡು ರೇಗಿದರು. ಬಿಲ್ ಒಂದು ಸಲ ತೆಗೆದು ನೋಡಿ ಸರ್ ಅಂದೆ. ಕಾಗದ ಸರಿಸುವ ಸದ್ದು ಕೇಳಿತು. "ಅಟೆಂಡೆಂಟ್ ಅಂತಿದೆ" ಅಂದರು.