ಕಸ್ತೂರಿ ಊದುಬತ್ತಿ: ಮೂಸಬೇಕಾದ್ದು ಆರಿದ ಮೇಲೆ

ಡಬ್ಬಿಯ ಮೇಲಿನ ಕಸ್ತೂರಿಮೃಗದ ಚಿತ್ರಕ್ಕೆ ಮರುಳಾಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಪ್ರಾಣಿಯನ್ನು ಕಾಯುತ್ತಿದೆ, ಅದರ ಕಸ್ತೂರಿ ಮಾರುವಂತಿಲ್ಲ. ಬತ್ತಿಯಲ್ಲಿರುವುದು ಗ್ಯಾಲಕ್ಸೊಲೈಡ್‌ನಂಥ ಕೃತಕ ಕಸ್ತೂರಿ, ಅಪರೂಪಕ್ಕೆ ಲತಾಕಸ್ತೂರಿ ಬೀಜದ ಎಣ್ಣೆ. ಕೃತಕವಾದರೆ ತಪ್ಪೇನಿಲ್ಲ. ಎಡವಟ್ಟಾಗುವುದು ಬತ್ತಿಯ ಮೈಯಲ್ಲಿ.

ಅಗ್ಗದ ಕಪ್ಪು ಬತ್ತಿ ಅಂದರೆ ಇದ್ದಿಲ ಪುಡಿ, ಮರದ ಪುಡಿ, ಜಿಗಟು ಕಲಸಿ ಬಿದಿರು ಕಡ್ಡಿಗೆ ಮೆತ್ತಿ, ಒಣಗಿದ ಮೇಲೆ ಸುಗಂಧದಲ್ಲಿ ಅದ್ದಿ ತೆಗೆದದ್ದು. ಆ ಸುಗಂಧವನ್ನು ತೆಳು ಮಾಡಲು ಸಾಮಾನ್ಯವಾಗಿ ಡಿಇಪಿ ಎಂಬ ದ್ರಾವಕ ಬೆರೆಸುತ್ತಾರೆ. ಅದು ಹೆಚ್ಚಾಯಿತೋ, ಪೊಟ್ಟಣ ಬಿಚ್ಚಿದಾಗ ಘಮಘಮ, ಹಚ್ಚಿದಾಗ ಘಾಟು, ಗಂಟಲಲ್ಲಿ ಕೆರೆತ. ಕಡ್ಡಿಯ ತುದಿಯನ್ನೂ ನೋಡಿ: ಬಿದಿರು ದಪ್ಪ, ಮೇಲಿನ ಲೇಪ ತೆಳು ಇದ್ದರೆ ಮೂಗಿಗೆ ಬರುವುದು ಬಿದಿರು ಸುಟ್ಟ ವಾಸನೆಯೇ.

ಮಸಾಲೆ ಬತ್ತಿಯ ಜಾತಿಯೇ ಬೇರೆ. ಇದರಲ್ಲಿ ಸುಗಂಧ ಹಿಟ್ಟಿನೊಳಗೇ ಸೇರಿರುತ್ತದೆ. ಹಳೇ ಪದ್ಧತಿಯದಾದರೆ ಹಾಲುಮಡ್ಡಿ ಎಂಬ ಮರದ ಅಂಟು, ಜೇನು, ಗಂಧದ ಪುಡಿಯೂ ಇರುತ್ತವೆ. ಮುಟ್ಟಿದರೆ ತುಸು ಮೆತ್ತಗೆ, ಬೆರಳಿಗೆ ಕಂದು ಪುಡಿ ಅಂಟುತ್ತದೆ. ಹಾಲುಮಡ್ಡಿ ತೇವ ಹಿಡಿದಿಡುವುದರಿಂದ ನಿಧಾನವಾಗಿ ಉರಿಯುತ್ತದೆ, ಪರಿಮಳ ಒಮ್ಮೆಲೇ ಸುಟ್ಟುಹೋಗುವುದಿಲ್ಲ. ಕಸ್ತೂರಿಗೆ ಬೇಕಾದ್ದು ಇದೇ. ಕಸ್ತೂರಿಯ ಅಣುಗಳು ದೊಡ್ಡವು, ನಿಧಾನವಾಗಿ ಆವಿಯಾಗುತ್ತವೆ. ಮೊದಲ ಐದು ನಿಮಿಷ ಮೂಗಿಗೆ ಬಡಿಯುವುದು ಪಚೋಲಿ, ವೆನಿಲ್ಲಾ, ಹೂವಿನ ಅಂಶಗಳಷ್ಟೆ.

ಆದ್ದರಿಂದ ಹಚ್ಚಿದ ತಕ್ಷಣ ತೀರ್ಮಾನ ಬೇಡ. ಬತ್ತಿ ಪೂರ್ತಿ ಆರಲಿ. ಕೋಣೆಯ ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಟ್ಟು ಒಳಗೆ ಬನ್ನಿ. ಒಗೆದು ಒಣಗಿಸಿದ ಹತ್ತಿಬಟ್ಟೆಗೆ ಪೌಡರು ತಾಗಿದಂತೆ, ನಡುವೆ ಎಲ್ಲೋ ಬೆಚ್ಚನೆಯ ಮೈವಾಸನೆಯಂತೆ ಏನೋ ಉಳಿದಿದ್ದರೆ ಸರಕು ಒಳ್ಳೆಯದು. ಸಕ್ಕರೆ ಪಾಕದ ಸಿಹಿಯೋ ಇದ್ದಿಲ ವಾಸನೆಯೋ ಮಾತ್ರ ಇದ್ದರೆ ಕಸ್ತೂರಿ ಹೆಸರಿಗಷ್ಟೇ. ಇಬ್ಬರಿಂದ ಮೂಸಿಸಿ, ಏಕೆಂದರೆ ಕೆಲವರ ಮೂಗಿಗೆ ಕೆಲವು ಕೃತಕ ಕಸ್ತೂರಿಗಳು ತಾಗುವುದೇ ಇಲ್ಲ. ಅದು ಬತ್ತಿಯ ದೋಷವಲ್ಲ!

ಕೊಳ್ಳುವುದಾದರೆ ಮಸಾಲೆ ಬತ್ತಿಯನ್ನೇ ಕೊಳ್ಳಿ. ಅದರ ಕಷ್ಟ ಮಳೆಗಾಲದಲ್ಲಿ: ತೇವ ಹೀರಿ ನಡುವೆಯೇ ಆರುತ್ತದೆ. ಹಾಗೆಂದು ಬಿಸಿಲಿಗಿಟ್ಟರೆ ತೇವದ ಜೊತೆ ಪರಿಮಳವೂ ಹಾರಿಹೋಗುತ್ತದೆ. ನೆರಳಲ್ಲಿ ಒಂದು ದಿನ ಹರಡಿ, ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿಡಿ. ಮಲ್ಲಿಗೆ ಬತ್ತಿಯ ಜೊತೆ ಮಾತ್ರ ಇಡಬೇಡಿ, ವಾರದೊಳಗೆ ಎರಡೂ ಒಂದೇ ವಾಸನೆ ಹೊಡೆಯುತ್ತವೆ.