ಒಂದೇ ದ್ವೀಪ, ನಾಲ್ಕು ತಂತ್ರಾಂಶ: ಕಲ್ಪನೆಯ ನಕ್ಷೆ ಬಿಡಿಸಿ ನೋಡಿದ್ದು

ನಾನು ಬರೆಯುತ್ತಿರುವ ಕಥೆ ನಡೆಯುವುದು ನೀರ್ಗಲ್ಲು ಎಂಬ ದ್ವೀಪದಲ್ಲಿ. ಅದರ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ಬೆಟ್ಟಸಾಲಿದೆ, ಕರಿಸಾಲು. ಅಲ್ಲಿ ಹುಟ್ಟಿ ಪೂರ್ವದ ಕಡಲಿಗೆ ಇಳಿಯುವ ಹೊಳೆ ಬಿಳಿಹೊಳೆ. ಹೊಳೆ ಕಡಲು ಸೇರುವ ಕಡೆ ಹೊಳೆಬಾಯಿ ಎಂಬ ಊರು. ಈ ದ್ವೀಪದ ನಕ್ಷೆಯನ್ನು ಗಿಂಪ್, ಫೋಟೋಶಾಪ್, ಕ್ರಿಟಾ, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ನಾಲ್ಕು ತಂತ್ರಾಂಶಗಳಲ್ಲೂ ಮೊದಲಿಂದ ಕೊನೆಯವರೆಗೆ ಬಿಡಿಸಿದೆ. ಅಳತೆ ಎಲ್ಲದಕ್ಕೂ ಒಂದೇ. ಎ3 ಹಾಳೆ, 300 ಡಿಪಿಐ (ಇಂಚಿಗೆ 300 ಚುಕ್ಕೆ), ಅಂದರೆ 4961×3508 ಪಿಕ್ಸೆಲ್.

ಬಿಡಿಸುವುದು ಅರ್ಧ ಪರೀಕ್ಷೆ ಅಷ್ಟೇ. ಉಳಿದರ್ಧ ಶುರುವಾಗಿದ್ದು ಏಳನೇ ಅಧ್ಯಾಯದಲ್ಲಿ. ದ್ವೀಪದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ ಎಂದು ಮೂರನೇ ಅಧ್ಯಾಯದಲ್ಲೇ ಬರೆದಿದ್ದೆ. ನೀರು ಹೊತ್ತ ಗಾಳಿ ಬೆಟ್ಟ ಹತ್ತುವಾಗ ತಣ್ಣಗಾಗಿ ಪಶ್ಚಿಮದ ಇಳಿಜಾರಿನಲ್ಲೇ ಮಳೆ ಸುರಿಸುತ್ತದೆ. ಪೂರ್ವದ ಕಡೆ ಮಳೆನೆರಳು. ಹಾಗಿದ್ದ ಮೇಲೆ ವರ್ಷವಿಡೀ ತುಂಬಿ ಹರಿಯುವ ಹೊಳೆ ಪೂರ್ವದಲ್ಲಿ ಇರೋದು ಸರಿ ಕಾಣಲಿಲ್ಲ. ಅದನ್ನು ಪಶ್ಚಿಮಕ್ಕೆ ತಿರುಗಿಸಲೇಬೇಕಾಯಿತು. ಊರೂ ಅದರ ಜೊತೆ ಹೋಗಬೇಕು. ನಾಲ್ಕೂ ನಕ್ಷೆಗಳಲ್ಲಿ ಇದೇ ಒಂದು ತಿದ್ದುಪಡಿ ಮಾಡಿದೆ. ಕಥೆ ಬರೆಯುವವರ ನಕ್ಷೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹಾಗಾಗಿ ನನಗೆ ಮುಖ್ಯವಾದ ಪ್ರಶ್ನೆ ಒಂದೇ: ಮುಗಿದ ನಕ್ಷೆಯನ್ನು ಮತ್ತೆ ಬಿಚ್ಚಲು ಯಾವುದು ಬಿಡುತ್ತದೆ?

ಮೊದಲು ಕರಾವಳಿ. ಕೈಯಿಂದ ಎಳೆದ ಕರಾವಳಿ ಬೇಗ ಗೊತ್ತಾಗಿಬಿಡುತ್ತದೆ. ಕೈ ಒಂದೇ ಅಳತೆಯ ಅಂಕುಡೊಂಕನ್ನು ಮತ್ತೆ ಮತ್ತೆ ಬಿಡಿಸುತ್ತದೆ. ನಿಜವಾದ ಕರಾವಳಿಯಲ್ಲಿ ದೊಡ್ಡ ಕೊಲ್ಲಿಯೊಳಗೆ ಚಿಕ್ಕ ಕೊಲ್ಲಿ, ಅದರೊಳಗೆ ಇನ್ನೂ ಚಿಕ್ಕದು ಇರುತ್ತದೆ. ಬ್ರಿಟನ್ನಿನ ಕರಾವಳಿ ಎಷ್ಟು ಉದ್ದ ಎಂದು ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಕೇಳಿದ್ದು ಇದೇ ಕಾರಣಕ್ಕೆ. ಅಳತೆಗೋಲು ಚಿಕ್ಕದಾದಷ್ಟೂ ಉದ್ದ ಜಾಸ್ತಿ ಆಗುತ್ತಾ ಹೋಗುತ್ತದೆ. ಈ ಗುಣ ಬೇಕಾದರೆ ನಾಯ್ಸ್, ಅಂದರೆ ತಂತ್ರಾಂಶವೇ ಹುಟ್ಟಿಸುವ ಕ್ರಮವಿಲ್ಲದ ಬೂದು ಕಲೆಗಳನ್ನು, ಬಳಸಬೇಕು. ಮೋಡದಂತೆ ಕಾಣುವ ಈ ಬಗೆಯ ನಾಯ್ಸ್‌ಗೆ ದಾರಿ ಮಾಡಿಕೊಟ್ಟವರು ಕೆನ್ ಪರ್ಲಿನ್. ಅವರು ತಮ್ಮ ವಿಧಾನವನ್ನು ಪ್ರಕಟಿಸಿದ್ದು 1985ರಲ್ಲಿ. ಇಂದು ನಾಲ್ಕರಲ್ಲಿ ಮೂರು ತಂತ್ರಾಂಶಗಳಲ್ಲಿ ಇಂಥ ನಾಯ್ಸ್ ಕೈಗೆ ಸಿಗುವ ಹಾಗಿದೆ.

ಕೆಲಸ ಹೀಗೆ. ಕೆಳಗೆ ಒಂದು ನಾಯ್ಸ್ ಲೇಯರ್ (ಲೇಯರ್ ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು). ಅದರ ಮೇಲೆ ಮೆತ್ತನೆ ಬ್ರಷ್‌ನಿಂದ ದ್ವೀಪದ ದಪ್ಪ ಆಕಾರ: ನೆಲ ಬೇಕಾದಲ್ಲಿ ಬಿಳಿ, ಕಡಲು ಬೇಕಾದಲ್ಲಿ ಕಪ್ಪು. ಎರಡನ್ನೂ ಬೆರೆಸಿ ತ್ರೆಶೋಲ್ಡ್ ಹಾಕಿದರೆ ಬೂದು ಬಣ್ಣವೆಲ್ಲ ಹೋಗಿ ಕಪ್ಪು ಬಿಳುಪು ಮಾತ್ರ ಉಳಿಯುತ್ತದೆ. ಆ ಎರಡರ ನಡುವಿನ ಅಂಚೇ ಕರಾವಳಿ. ಗಿಂಪ್‌ನ ಸಾಲಿಡ್ ನಾಯ್ಸ್‌ನಲ್ಲಿ ವಿವರದ ಮಟ್ಟ, ಅಡ್ಡ ಉದ್ದ ಅಳತೆ ಎಲ್ಲವನ್ನೂ ಬದಲಿಸಬಹುದು. ಫೋಟೋಶಾಪ್‌ನ ಕ್ಲೌಡ್ಸ್ ಫಿಲ್ಟರ್‌ನಲ್ಲಿ ಅಂಥ ಆಯ್ಕೆಗಳಿಲ್ಲ. ಬಂದದ್ದನ್ನು ತೆಗೆದುಕೊಳ್ಳಬೇಕು, ಇಷ್ಟವಾಗದಿದ್ದರೆ ಮತ್ತೆ ಹಾಕಬೇಕು. ಆದರೆ ಅಲ್ಲಿ ತ್ರೆಶೋಲ್ಡ್ ಅನ್ನು ಅಡ್ಜಸ್ಟ್‌ಮೆಂಟ್ ಲೇಯರ್ ಆಗಿ ಮೇಲೆ ಇಡಬಹುದು. ಕೆಳಗೆ ಬಿಳಿ ಬಣ್ಣ ಹಚ್ಚುತ್ತಿದ್ದ ಹಾಗೆಯೇ ಕಣ್ಣೆದುರಿಗೇ ಹೊಸ ನೆಲ ಕಡಲಿಂದ ಎದ್ದು ಬರುತ್ತದೆ. ಒಂದು ಸಂಜೆಯೆಲ್ಲ ನಾನು ಇದನ್ನೇ ಮಾಡುತ್ತ ಕೂತಿದ್ದೆ. ಕ್ರಿಟಾದಲ್ಲೂ ಫಿಲ್ಟರ್ ಲೇಯರ್ ಇದೆ, ಅದೂ ಹೀಗೆಯೇ ಕೆಲಸ ಮಾಡುತ್ತದೆ. ಇಂಕ್‌ಸ್ಕೇಪ್ ವೆಕ್ಟರ್ ತಂತ್ರಾಂಶ, ಅಂದರೆ ಚಿತ್ರವನ್ನು ಪಿಕ್ಸೆಲ್ ಆಗಿ ಅಲ್ಲ, ಗೆರೆಗಳಾಗಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಈ ದಾರಿ ಸಲೀಸಲ್ಲ. ಬೇರೆ ಕಡೆ ಮಾಡಿದ ಕಪ್ಪು ಬಿಳುಪು ಚಿತ್ರವನ್ನು ಅಲ್ಲಿ ಟ್ರೇಸ್ ಮಾಡಬೇಕು, ಅಂದರೆ ಅದರ ಅಂಚನ್ನು ಗೆರೆಯಾಗಿಸಬೇಕು. ಆಗ ಸಾವಿರಾರು ನೋಡ್‌ಗಳು (ಗೆರೆಯನ್ನು ಹಿಡಿದಿಡುವ ಬಿಂದುಗಳು) ಬರುತ್ತವೆ. ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಗೆರೆ ಸರಳವಾಗುತ್ತದೆ. ನಾನು ಎರಡು ಸಲ ಒತ್ತಿದೆ. ಹೊಳೆಬಾಯಿಯ ಪಕ್ಕ ದೋಣಿಗಳು ತಂಗಲಿ ಎಂದು ಬಿಟ್ಟಿದ್ದ ಪುಟ್ಟ ಕೊಲ್ಲಿಯೇ ಮಾಯವಾಯಿತು. ಒಂದೇ ಸಲ ಸಾಕು.

ಕರಾವಳಿಯ ಸುತ್ತ ಹಳೆಯ ನಕ್ಷೆಗಳಲ್ಲಿ ಇರುತ್ತವಲ್ಲ, ಕಡಲಿನ ಕಡೆಗೆ ಒಂದರ ಹಿಂದೊಂದು ಸಾಗುವ ತೆಳು ಗೆರೆಗಳು, ಅವು ನನಗೆ ಬೇಕೇ ಬೇಕಿತ್ತು. ಗಿಂಪ್‌ನಲ್ಲಿ ಸೆಲೆಕ್ಷನ್ (ಆರಿಸಿದ ಭಾಗ) ಹಿಗ್ಗಿಸಿ, ಅಂಚಿಗೆ ಗೆರೆ ಎಳೆದು, ಮತ್ತೆ ಹಿಗ್ಗಿಸಿ, ಮತ್ತೆ ಎಳೆಯಬೇಕು. ಐದು ಗೆರೆಗೆ ಐದು ಸಲ. ಫೋಟೋಶಾಪ್‌ನಲ್ಲಿ ಒಂದೇ ಲೇಯರ್‌ಗೆ ಹಲವು ಸ್ಟ್ರೋಕ್ (ಅಂಚಿನ ಗೆರೆ) ಹಾಕಬಹುದು. ಒಂದು ಕಪ್ಪು, ಅದರ ಹಿಂದೆ ಸ್ವಲ್ಪ ದಪ್ಪದ ನೀಲಿ, ಅದರ ಹಿಂದೆ ಮತ್ತೆ ಕಪ್ಪು. ಇಂಕ್‌ಸ್ಕೇಪ್‌ನಲ್ಲಿ ಲಿಂಕ್ಡ್ ಆಫ್‌ಸೆಟ್ ಇದೆ. ಮೂಲ ಗೆರೆಯಿಂದ ಇಷ್ಟು ದೂರ ಎಂದು ಒಮ್ಮೆ ಹೇಳಿಬಿಟ್ಟರೆ ಮುಗಿಯಿತು. ಆಮೇಲೆ ಕರಾವಳಿಯನ್ನು ಎಲ್ಲಿ ಎಳೆದರೂ ಸುತ್ತಲಿನ ಗೆರೆಗಳೆಲ್ಲ ಜೊತೆಗೇ ಬರುತ್ತವೆ.

ಬೆಟ್ಟಗಳ ವಿಷಯದಲ್ಲಿ ಚರ್ಚೆಯೇ ಬೇಡ, ಕ್ರಿಟಾ. ಪೆನ್ ಟ್ಯಾಬ್ಲೆಟ್ ಇದ್ದರೆ ಅದರ ಇಂಕ್ ಬ್ರಷ್‌ಗಳು ಕಾಗದದ ಮೇಲೆ ನಿಬ್ಬು ಓಡಿದಂತೆಯೇ ಓಡುತ್ತವೆ. ಕೈ ನಡುಗಿದರೆ ಸ್ಟೆಬಿಲೈಸರ್ ಹಿಡಿದುಕೊಳ್ಳುತ್ತದೆ. ಒಂದು ಬೆಟ್ಟಕ್ಕೆ ಎಡಗಡೆ ಒಂದೇ ತೆಳು ಗೆರೆ, ಬಲಗಡೆ ದಪ್ಪ ಗೆರೆ, ಆ ಬದಿಗೆ ನಾಲ್ಕೈದು ಓರೆ ಗೀಟು. ಬೆಳಕು ಎಡ ಮೇಲಿನ ಮೂಲೆಯಿಂದ ಬರುತ್ತದೆ ಎಂದು ಲೆಕ್ಕ. ನಕ್ಷೆ ಬಿಡಿಸುವವರು ಬಹಳ ಕಾಲದಿಂದ ಇದನ್ನೇ ಪಾಲಿಸುತ್ತ ಬಂದಿದ್ದಾರೆ. ಬೆಳಕು ಕೆಳಗಿಂದ ಬಂದಂತೆ ನೆರಳು ಹಾಕಿದರೆ ನಮ್ಮ ಕಣ್ಣಿಗೆ ಬೆಟ್ಟ ಹಳ್ಳದಂತೆ, ಹಳ್ಳ ಬೆಟ್ಟದಂತೆ ಕಾಣುತ್ತದೆ. ಇನ್ನೊಂದು ಮಾತು: ಬೆಟ್ಟಗಳನ್ನು ಮೇಲಿನಿಂದ ಕೆಳಕ್ಕೆ ಬಿಡಿಸುತ್ತ ಬನ್ನಿ. ಪ್ರತಿ ಬೆಟ್ಟದ ಒಳಭಾಗಕ್ಕೆ ಕಾಗದದ ಬಣ್ಣ ತುಂಬಿ. ಆಗ ಮುಂದಿನದು ಹಿಂದಿನದರ ಬುಡವನ್ನು ತಾನಾಗಿಯೇ ಮುಚ್ಚುತ್ತದೆ.

ಕಾಡಿಗೆ ಮಾತ್ರ ಗಿಂಪ್‌ಗೆ ಋಣಿ. ಏಳೆಂಟು ಬೇರೆ ಬೇರೆ ಮರ ಬಿಡಿಸಿ ಒಂದೇ ಬ್ರಷ್ ಮಾಡಿಕೊಂಡರೆ, ಎಳೆದಾಗ ಸಿಕ್ಕಸಿಕ್ಕ ಮರ ಆರಿಸಿ ಹಾಕುತ್ತದೆ. ಒಂದೇ ಮರ ಸಾಲಾಗಿ ಬಂದ ಹಾಗೆ ಕಾಣುವುದಿಲ್ಲ. ಗಿಂಪ್‌ನಲ್ಲಿ ಮಾಡಿದ ಈ ಬ್ರಷ್ ಫೈಲನ್ನು ಕ್ರಿಟಾ ಕೂಡ ಓದುತ್ತದೆ. ನಾನು ಅಲ್ಲಿ ಮಾಡಿ ಇಲ್ಲಿ ಬಳಸಿದೆ.

ನೆಲದ ಏರಿಳಿತ ತೋರಿಸುವ ನೆರಳಿಗೂ ನನ್ನ ಆಯ್ಕೆ ಗಿಂಪ್‌. ಎತ್ತರದ ಲೇಯರ್ ಒಂದನ್ನು ಬೇರೆ ಇಟ್ಟುಕೊಂಡೆ. ಬೆಟ್ಟ ಇದ್ದಲ್ಲಿ ಬಿಳಿ, ಕಣಿವೆಯಲ್ಲಿ ಗಾಢ ಬೂದು. ಅದನ್ನು ಬಂಪ್ ಮ್ಯಾಪ್ ಫಿಲ್ಟರ್‌ಗೆ ಕೊಟ್ಟು ಅಜಿಮತ್ (ಬೆಳಕಿನ ದಿಕ್ಕು) 135, ಎಲಿವೇಷನ್ (ಬೆಳಕಿನ ಎತ್ತರ) 45 ಇಟ್ಟರೆ ಎಡ ಮೇಲಿಂದ ಬೆಳಕು ಬಿದ್ದಂತೆ ನೆಲ ಉಬ್ಬುತ್ತದೆ. ನಾನು ಬಳಸಿದ್ದು 2025ರಲ್ಲಿ ಬಂದ 3.0. ಇದರಲ್ಲಿ ಬಹಳಷ್ಟು ಫಿಲ್ಟರ್‌ಗಳು ಲೇಯರ್‌ಗೆ ಅಂಟಿಕೊಂಡು ಉಳಿಯುತ್ತವೆ, ಆಮೇಲೆ ತೆರೆದು ಅಂಕಿ ಬದಲಿಸಬಹುದು. ಹಿಂದಿನ 2.10ರಲ್ಲಿ ಹಾಗಿರಲಿಲ್ಲ, ಹಾಕಿದ ಫಿಲ್ಟರ್ ಚಿತ್ರದಲ್ಲಿ ಕರಗಿಬಿಡುತ್ತಿತ್ತು. ಬಹಳ ದಿನ ಕಾದಿದ್ದವರಿಗೆ ಇದು ದೊಡ್ಡ ವಿಷಯ, ಅಲ್ವಾ?

ಈಗ ಹೊಳೆ. ನಕ್ಷೆಯ ಹೊಳೆಗೆ ಎರಡು ನಿಯಮ ತಪ್ಪಬಾರದು. ಒಂದು, ಹುಟ್ಟಿದ ಕಡೆ ಕೂದಲೆಳೆಯಷ್ಟು ಇದ್ದು ಕಡಲ ಹತ್ತಿರ ಬರುತ್ತ ಅಗಲವಾಗಬೇಕು. ಎರಡು, ಉಪನದಿಗಳು ಬಂದು ಸೇರಬೇಕೇ ಹೊರತು ಹೊಳೆ ನಡುದಾರಿಯಲ್ಲಿ ಕವಲೊಡೆದು ಎರಡು ಕಡಲಿಗೆ ಹೋಗಬಾರದು. ಕವಲೊಡೆಯುವುದು ಸಾಮಾನ್ಯವಾಗಿ ಸಮತಟ್ಟಾದ ಮುಖಜ ಭೂಮಿಯಲ್ಲಿ. ಮೊದಲ ನಿಯಮವೇ ತಂತ್ರಾಂಶಗಳನ್ನು ಬೇರೆ ಬೇರೆ ಮಾಡಿ ತೋರಿಸಿತು.

ಗಿಂಪ್‌ನಲ್ಲಿ ಪಾತ್ (ತಿದ್ದಬಲ್ಲ ಗೆರೆ) ಎಳೆದು, ಅಗಲ ಬದಲಾಗುವ ಹಾಗೆ ಬ್ರಷ್ ಡೈನಾಮಿಕ್ಸ್ ಜೊತೆ ಸ್ಟ್ರೋಕ್ ಮಾಡಿದೆ. ಚೆನ್ನಾಗಿ ಬಂತು. ತಿದ್ದುವಾಗ ಪಾತ್ ಫೈಲ್‌ನಲ್ಲೇ ಇತ್ತು, ನೋಡ್‌ಗಳನ್ನು ಸರಿಸಿದೆ. ಆದರೆ ಬಣ್ಣ ಆಗಲೇ ಪಿಕ್ಸೆಲ್ ಆಗಿಬಿಟ್ಟಿದೆ. ಹೊಳೆಯ ಲೇಯರ್ ಅಳಿಸಿ ಮತ್ತೆ ಸ್ಟ್ರೋಕ್ ಮಾಡಬೇಕು. ಹೊಳೆ ಬೇರೆ ಲೇಯರ್‌ನಲ್ಲಿ ಇದ್ದದ್ದಕ್ಕೆ ಬಚಾವಾದೆ. ಫೋಟೋಶಾಪ್‌ನಲ್ಲಿ ಶೇಪ್ ಲೇಯರ್ ಮಾಡಿದರೆ ಗೆರೆ ಕೊನೆಯವರೆಗೂ ತಿದ್ದಲು ಸಿಗುತ್ತದೆ, ಆದರೆ ಅಗಲ ಉದ್ದಕ್ಕೂ ಒಂದೇ. ಅಗಲ ಬದಲಾಗಬೇಕಾದರೆ ಬ್ರಷ್‌ನಿಂದ ಸ್ಟ್ರೋಕ್ ಮಾಡಬೇಕು, ಅಂದರೆ ಗಿಂಪ್‌ನ ಕಥೆಯೇ. ಕ್ರಿಟಾದಲ್ಲಿ ಸುಮ್ನೆ ಅಳಿಸಿ ಪೆನ್‌ನಿಂದ ಮತ್ತೆ ಎಳೆದೆ. ಇದು ನಿಜಕ್ಕೂ ಬೇಗ ಆಯಿತು. ಪೆನ್ ಒತ್ತುತ್ತ ಹೋದರೆ ಹೊಳೆ ಅಗಲವಾಗುತ್ತ ಹೋಗುತ್ತದೆ. ಆದರೆ ಹಳೆಯ ಹೊಳೆಯ ಬಾಗು ಬಳುಕು ಮತ್ತೆ ಹಾಗೇ ಬರಲಿಲ್ಲ.

ಇಂಕ್‌ಸ್ಕೇಪ್‌ನ ಪವರ್‌ಸ್ಟ್ರೋಕ್ ನೋಡಿದ ಮೇಲೆ ಹೊಳೆಯನ್ನು ಬೇರೆ ಎಲ್ಲೂ ಬಿಡಿಸುವ ಮನಸ್ಸಾಗಲಿಲ್ಲ. ಗೆರೆಯ ಮೇಲೆ ಅಲ್ಲಲ್ಲಿ ಹಿಡಿಕೆಗಳು ಇರುತ್ತವೆ. ಒಂದನ್ನು ಹೊರಗೆ ಎಳೆದರೆ ಅಲ್ಲಿ ಹೊಳೆ ಹಿಗ್ಗುತ್ತದೆ, ಒಳಗೆ ತಳ್ಳಿದರೆ ಸಣ್ಣಗಾಗುತ್ತದೆ. ಹುಟ್ಟಿನಲ್ಲಿ ಒಂದು, ಉಪನದಿ ಸೇರುವಲ್ಲಿ ಒಂದು, ಬಾಯಲ್ಲಿ ಒಂದು, ಮೂರು ಹಿಡಿಕೆ ಸಾಕಾಯಿತು. ಪಶ್ಚಿಮಕ್ಕೆ ತಿರುಗಿಸಬೇಕಾದಾಗ ಇಡೀ ಹೊಳೆಯನ್ನು ಕನ್ನಡಿ ತಿರುಗಿಸಿದಂತೆ ತಿರುಗಿಸಿ ಕೆಲವು ನೋಡ್ ಸರಿಸಿದೆ. ಅಗಲವೂ ಬಳುಕೂ ಹಾಗೇ ಉಳಿದವು. ಹೊಸ ಕಡೆ ಕರಾವಳಿಯನ್ನು ಸ್ವಲ್ಪ ಒಳಕ್ಕೆ ಎಳೆದು ಬಾಯಿ ಮಾಡಿದೆ. ಲಿಂಕ್ಡ್ ಆಫ್‌ಸೆಟ್ ಗೆರೆಗಳು ತಾವೇ ಒಳಗೆ ಬಂದು ಹೊಸ ಬಾಯಿಯನ್ನು ಸುತ್ತಿಕೊಂಡವು.

ಹೆಸರು ಬರೆಯುವುದರಲ್ಲೂ ಅದೇ ಮುಂದು. ಸ್ವಿಟ್ಜರ್ಲೆಂಡಿನ ನಕ್ಷೆಗಾರ ಎಡುವರ್ಡ್ ಇಮ್ಹೋಫ್ ನಕ್ಷೆಯ ಮೇಲೆ ಹೆಸರು ಎಲ್ಲಿ, ಹೇಗೆ ಇರಬೇಕು ಎಂದು 1962ರಲ್ಲಿ ಒಂದು ದೊಡ್ಡ ಲೇಖನವನ್ನೇ ಬರೆದಿದ್ದಾರೆ. ಊರಿನ ಹೆಸರಿಗೆ ಚುಕ್ಕೆಯ ಬಲ ಮೇಲ್ಭಾಗ ಒಳ್ಳೆಯ ಜಾಗ. ಬೆಟ್ಟಸಾಲಿನ ಹೆಸರು ಸಾಲಿನ ಉದ್ದಕ್ಕೂ ಹರಡಿಕೊಳ್ಳಬೇಕು. ಹೊಳೆಯ ಹೆಸರು ಹೊಳೆಯ ಜೊತೆ ಬಾಗಬೇಕು. ಇಂಕ್‌ಸ್ಕೇಪ್‌ನಲ್ಲಿ ಹೊಳೆಯ ಪಕ್ಕ ಇನ್ನೊಂದು ಗೆರೆ ಎಳೆದು ಅದರ ಮೇಲೆ ಹೆಸರು ಕೂರಿಸಿದೆ. ಗೆರೆ ಬಾಗಿಸಿದರೆ ಹೆಸರೂ ಬಾಗುತ್ತದೆ. ಫೋಟೋಶಾಪ್‌ನಲ್ಲೂ ಇದು ಸಲೀಸು. ಗಿಂಪ್‌ನಲ್ಲಿ ಪಾತ್ ಮೇಲೆ ಹಾಕಿದ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರಿಯ ಆಕಾರವಾಗುತ್ತದೆ. ಹೆಸರು ಬದಲಿಸಬೇಕೆಂದರೆ ಮೊದಲಿಂದ ಶುರು. ಕನ್ನಡದಲ್ಲಿ ಹೆಸರು ಬರೆಯುವವರು ಒಂದು ನೆನಪಿಡಿ: ಫೋಟೋಶಾಪ್‌ನ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇರದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಬಹುದು. ಗಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಒತ್ತುಗಳು ತಾವಾಗಿಯೇ ಸರಿಯಾಗಿ ಕೂತವು.

ನಾಲ್ಕರಲ್ಲಿ ಒಂದನ್ನೇ ಆರಿಸಲೇಬೇಕು ಅಂದರೆ, ಮತ್ತು ಚಂದಾ ಕಟ್ಟಲು ತೊಂದರೆ ಇಲ್ಲ ಅಂದರೆ, ಫೋಟೋಶಾಪ್. ಕರಾವಳಿಯಿಂದ ಹೆಸರಿನವರೆಗೆ ಎಲ್ಲವೂ ಒಂದೇ ಫೈಲ್‌ನಲ್ಲಿ ಮುಗಿಯುತ್ತದೆ. ಉಳಿದ ಮೂರೂ ಉಚಿತ, ಮೂರನ್ನೂ ಸೇರಿಸಿ ಬಳಸಿದರೆ ತಿದ್ದಲು ಅದಕ್ಕಿಂತ ಹಗುರ. ನಾನು ಈಗ ಹಾಗೇ ಮಾಡುತ್ತಿದ್ದೇನೆ. ಕರಾವಳಿಯ ಮೂಲ ಆಕಾರ ಮತ್ತು ನೆಲದ ನೆರಳು ಗಿಂಪ್‌ನಲ್ಲಿ. ಬೆಟ್ಟ, ಕಾಡು ಕ್ರಿಟಾದಲ್ಲಿ. ಎರಡನ್ನೂ ಪಿಎನ್‌ಜಿ ಮಾಡಿ ಇಂಕ್‌ಸ್ಕೇಪ್‌ಗೆ ತಂದು, ಅದರ ಮೇಲೆ ಕರಾವಳಿಯ ಗೆರೆ, ಹೊಳೆ, ಹೆಸರು. ಚಿತ್ರ ತರುವಾಗ ಎಂಬೆಡ್ ಅಲ್ಲ, ಲಿಂಕ್ ಆರಿಸಿ. ಕ್ರಿಟಾದಲ್ಲಿ ಒಂದು ಬೆಟ್ಟ ಬದಲಿಸಿ ಅದೇ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ, ಇಂಕ್‌ಸ್ಕೇಪ್‌ನಲ್ಲಿ ನಕ್ಷೆ ಮತ್ತೆ ತೆರೆದಾಗ ಹೊಸ ಬೆಟ್ಟವೇ ಇರುತ್ತದೆ.

ಗಿಂಪ್‌ನ ನೆರಳಿನಲ್ಲಿ ಒಂದನ್ನು ಮಾತ್ರ ತಿದ್ದದೆ ಬಿಟ್ಟಿದ್ದೇನೆ. ಪೂರ್ವಕ್ಕೆ ಹರಿಯುತ್ತಿದ್ದ ಬಿಳಿಹೊಳೆಗೆಂದು ಕೊರೆದ ಕಣಿವೆ ಎತ್ತರದ ಲೇಯರ್‌ನಲ್ಲಿ ಹಾಗೇ ಇದೆ. ನೀರಿಲ್ಲದ ಆ ತಗ್ಗು ಬೆಟ್ಟದಿಂದ ಕಡಲವರೆಗೆ ಮಸುಕಾಗಿ ಕಾಣುತ್ತದೆ. ಮಳೆನೆರಳಿನ ಸೀಮೆಗೆ ಅದು ಚೆನ್ನಾಗಿ ಒಪ್ಪಿತು. ಅದರ ಉದ್ದಕ್ಕೂ ಒಂದು ತೆಳು ಗೆರೆ ಎಳೆದು ಒಣಹೊಳೆ ಎಂದು ಹೆಸರು ಬರೆದಿದ್ದೇನೆ. ಒಂಬತ್ತನೇ ಅಧ್ಯಾಯದಲ್ಲಿ ಯಾರೋ ಆ ದಾರಿಯಲ್ಲಿ ನಡೆದು ಬರುತ್ತಾರೆ.